ಮುತ್ತಜ್ಜನ ಹೆಸರಿಲ್ಲದ ದಫ್ತರ

ಜರ್ಮನಿಯಿಂದ ಬಂದ ಮೇಲೆ ಗದಗಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ: ಏನೇನು ನೋಡಿದಿರಿ? ಬರ್ಲಿನ್ನಿನ ಒಡೆದ ಗೋಡೆ ನೋಡಿದಿರಾ, ರೈನ್ ನದಿ ನೋಡಿದಿರಾ, ಬೆಟ್ಟದ ಮೇಲಿನ ಅರಮನೆ ನೋಡಿದಿರಾ? ನಾನು ನಿಜ ಹೇಳಿಬಿಟ್ಟೆ. ಮೂವತ್ತೈದು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಫ್ತರದ ಧೂಳು ಕುಡಿದು ನಿವೃತ್ತನಾದವನು, ವಿಮಾನ ಹತ್ತಿ ಅಷ್ಟು ದೂರ ಹೋಗಿ, ಅಲ್ಲಿಯೂ ಒಂದು ಕಚೇರಿಯಲ್ಲೇ ಕೂತು ಬಂದೆ. ನನ್ನ ಹೆಂಡತಿ ಈಗಲೂ ಇದನ್ನು ನೆಂಟರ ಮುಂದೆ ಹೇಳಿ ನಗುತ್ತಾಳೆ. ನಗಲಿ. ಆ ಕಚೇರಿಯಲ್ಲಿ ನನಗಾದ ಸಂತೋಷ ಯಾವ ಅರಮನೆ ನೋಡಿದ್ದರೂ ಆಗುತ್ತಿರಲಿಲ್ಲ.

ನಾನು ಹೋದದ್ದು ಸಲೋಮಿ ದೊಡ್ಡವ್ವನ ಸಲುವಾಗಿ. ಅವಳು ನನ್ನ ತಾಯಿಯ ಅಕ್ಕ. ಎಂಬತ್ತಾರು ವರ್ಷ, ನರ್ಸ್ ಆಗಿ ದುಡಿದವಳು, ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಇದ್ದಾಳೆ. ಅವಳ ತಾಯಿಯ ತಂದೆ, ಅಂದರೆ ನನ್ನ ಮುತ್ತಜ್ಜ, ಒಬ್ಬ ಜರ್ಮನ್ ಬಡಗಿ. ಹೆಸರು ಹೈನ್ರಿಕ್ ಬ್ರಾಂಟ್. ಮಿಶನ್ನಿನವರ ಜೊತೆ ಬೆಟಗೇರಿಗೆ ಮಗ್ಗ ಕಟ್ಟಿಕೊಡಲು ಬಂದವನು, ರೂತವ್ವ ಎಂಬ ನೇಕಾರರ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಉಳಿದ. ಮೊದಲ ಮಹಾಯುದ್ಧಕ್ಕೆ ಮುಂಚೆಯೇ ತೀರಿಕೊಂಡ. ಸಮಾಧಿಯ ಕಲ್ಲಿನಲ್ಲಿ ಅವನ ಹೆಸರು, ತೀರಿಕೊಂಡ ವರ್ಷ, ವಯಸ್ಸು ಐವತ್ತೆಂಟು ಎಂದಷ್ಟೇ ಇದೆ. ಅವನ ಬೈಬಲಿನ ಮೊದಲ ಹಾಳೆಯಲ್ಲಿ ಅವನೇ ಬರೆದ ಊರಿನ ಹೆಸರಿದೆ: ಓಲ್ಡನ್‌ಬ್ರೂಕ್. ಇಷ್ಟೇ ನಮಗೆ ಉಳಿದದ್ದು.

ದೊಡ್ಡವ್ವ ಹರೆಯದಲ್ಲಿದ್ದಾಗ ಒಂದು ಒಳ್ಳೆಯ ಸಂಬಂಧ ಬಂದಿತ್ತಂತೆ. ಹುಡುಗನ ಕಡೆಯವರು ಈ ಬಿಳಿ ಅಜ್ಜನ ಪೂರ್ವಾಪರ ಕೇಳಿದರು. ಆಗಿನ ಪಾದ್ರಿಗಳು ಓಲ್ಡನ್‌ಬ್ರೂಕಿನ ಚರ್ಚಿಗೆ ಕಾಗದ ಬರೆದರು. ತಿಂಗಳುಗಟ್ಟಲೆ ಕಾದ ಮೇಲೆ ಉತ್ತರ ಬಂತು: ನಮ್ಮ ದಫ್ತರದಲ್ಲಿ ಬ್ರಾಂಟ್ ಎಂಬ ಮನೆತನ ಎಂದೂ ಇರಲಿಲ್ಲ. ಸಂಬಂಧ ಮುರಿದುಬಿತ್ತು. ಅಂದಿನಿಂದ ನೆಂಟರ ಬಾಯಲ್ಲಿ ಮುತ್ತಜ್ಜ ಸುಳ್ಳು ಹೆಸರಿನವನಾದ. ಏನೋ ಮಾಡಿ ಓಡಿ ಬಂದವನು ಎಂದರು, ಕೊಲೆ ಮಾಡಿರಬೇಕು ಎಂದವರೂ ಇದ್ದರು. ದೊಡ್ಡವ್ವ ಆ ಕಾಗದವನ್ನು ಟ್ರಂಕಿನ ತಳದಲ್ಲಿಟ್ಟಳು. ಅದರ ಮಾತು ಎತ್ತಿದವರಿಗೆ ಅವಳ ಮನೆಯಲ್ಲಿ ಚಹಾ ಸಿಗುತ್ತಿರಲಿಲ್ಲ.

ನನ್ನ ತಂಗಿಯ ಮಗ ವಿನೋದ್ ಜರ್ಮನಿಗೆ ಕರೆದಾಗ ಅವಳು ಆ ಕಾಗದ ತೆಗೆದು ನನ್ನ ಕೈಗಿಟ್ಟಳು. ಅವಳ ಬಾಯಲ್ಲಿ ನಾನು ಈಗಲೂ ದಾನಿ.

"ನಮ್ಮಜ್ಜ ಸುಳ್ಳ ಹೇಳಿಲ್ಲ, ದಾನೀ. ಇದನ್ನ ಬರದಾಂವ ಸರಿಯಾಗಿ ನೋಡಿಲ್ಲ. ನೀ ರಿಜಿಸ್ಟರ್ ಆಫೀಸಿನಾಂವ, ನಿನ್ನ ಕಣ್ಣಿಲೆ ನೋಡ್ಕೊಂಡ ಬಾ. ನಾ ಕಣ್ಣ ಮುಚ್ಚೂದರಾಗ ನಂಗ ಗೊತ್ತಾಗಬೇಕು."

ಸೇಂಟ್ ಲಿಯೋನ್-ರೋಟ್

ಜರ್ಮನಿಯವರು ಕಂಪ್ಯೂಟರಿನ ಹುಡುಗರಿಗೆ ಗ್ರೀನ್ ಕಾರ್ಡ್ ಕೊಡತೊಡಗಿದಾಗ ವಿನೋದ್ ಮೊದಲ ಗುಂಪಿನಲ್ಲಿ ಹೋದವನು. ಅವನ ಊರು ಎರಡು ಊರು ಕೂಡಿಸಿ ಮಾಡಿದ್ದು, ನಮ್ಮ ಗದಗ-ಬೆಟಗೇರಿಯ ಹಾಗೆ. ಹೋದ ದಿನವೇ ಇದು ನನಗೆ ಹಿಡಿಸಿತು. ಎರಡರಲ್ಲಿ ಯಾವುದು ದೊಡ್ಡದು ಎಂದು ಇಲ್ಲಿಯೂ ಜಗಳವಿದೆಯೇ ಎಂದು ಕೇಳಿದೆ. ವಿನೋದನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಆಫೀಸು, ಮನೆ, ಮತ್ತು ಕಸದ ನಾಲ್ಕು ಡಬ್ಬಿಗಳು ಮಾತ್ರ. ಯಾವ ಕಸ ಯಾವ ಡಬ್ಬಿಗೆ ಎಂಬ ಪಟ್ಟಿ ಅಡುಗೆಮನೆಯ ಗೋಡೆಯ ಮೇಲಿತ್ತು. ಚಹಾದ ಚೀಲಕ್ಕೆ ಮೂರು ಡಬ್ಬಿ ಬೇಕು: ಪುಡಿ ಒಂದಕ್ಕೆ, ಕಾಗದ ಒಂದಕ್ಕೆ, ಪಿನ್ನು ಇನ್ನೊಂದಕ್ಕೆ. ನಾನು ಎರಡೇ ದಿನಕ್ಕೆ ಚಹಾ ಬಿಟ್ಟು ಕಾಫಿ ಹಿಡಿದೆ.

ಮೊದಲ ಭಾನುವಾರವೇ ಮರ್ಯಾದೆ ಕಳೆದುಕೊಂಡೆ. ಮಧ್ಯಾಹ್ನ ಒಳ್ಳೆಯ ಬಿಸಿಲಿತ್ತು. ಹುಡುಗನ ಕಂಬಳಿ ಬಿಸಿಲು ಕಾಣದೆ ಎಷ್ಟು ದಿನವಾಯಿತೋ ಎಂದು ಬಾಲ್ಕನಿಯ ಕಂಬಿಗೆ ಹಾಕಿ, ಪೊರಕೆಯ ಹಿಡಿಯಿಂದ ನಾಲ್ಕು ಬಾರಿಸಿದೆ. ಐದನೆಯದು ಬೀಳುವಷ್ಟರಲ್ಲಿ ಬಾಗಿಲ ಗಂಟೆ. ಕೆಳಗಿನ ಮನೆಯ ಅಜ್ಜಿ ನಿಂತಿದ್ದಳು. ಸಿಟ್ಟಿಲ್ಲ, ಕೂಗಾಟವಿಲ್ಲ, ಗಡಿಯಾರ ತೋರಿಸಿ ಏನೋ ಹೇಳಿ ಹೋದಳು. ವಿನೋದನ ಮುಖ ಬಿಳಿಚಿತ್ತು.

"ಮಾಮಾ, ಇವತ್ತ ಸಂಡೇ, ರೂಹೆತ್ಸೈಟ್! ಸಂಡೇ ಇಲ್ಲಿ ಯಾರೂ ಸಪ್ಪಳ ಮಾಡಂಗಿಲ್ಲ. ಬಿಲ್ಡಿಂಗ್ ನೋಡ್ಕೊಳ್ಳು ಹೌಸ್‌ಮೈಸ್ಟರ್‌ಗೆ ಕಂಪ್ಲೇಂಟ್ ಹೋದ್ರ ನಂಗ ಲೆಟರ್ ಬರ್ತದ."

ಮರುದಿನ ನಾನು ಊರಿನಿಂದ ತಂದ ಚಕ್ಕುಲಿ ಒಂದು ಡಬ್ಬಿ ತುಂಬಿ ಅಜ್ಜಿಗೆ ಕೊಟ್ಟು ಕೈಮುಗಿದೆ. ಸಂಜೆಗೆ ಡಬ್ಬಿ ವಾಪಸು ಬಂತು, ಒಳಗೆ ಹಣ್ಣಿನ ಕೇಕು. ಡಬ್ಬಿಯನ್ನು ಬರಿದಾಗಿ ಕಳಿಸಬಾರದು ಎಂಬುದು ಅವರಲ್ಲೂ ಇದೆ ಎಂದು ನನಗೆ ಧೈರ್ಯ ಬಂತು.

ಓಲ್ಡನ್‌ಬ್ರೂಕಿಗೆ ಹೊರಡುವ ಮೊದಲು ನನ್ನ ಕಡತ ತೆಗೆದು ಮೇಜಿನ ಮೇಲಿಟ್ಟೆ. ಸಮಾಧಿಯ ಫೋಟೋ, ಬೆಟಗೇರಿ ಚರ್ಚಿನ ಮದುವೆ ದಾಖಲೆಯ ನಕಲು, ಬೈಬಲಿನ ಹಾಳೆಯ ನಕಲು. ಒಂದೊಂದಕ್ಕೂ ಐದು ಪ್ರತಿ, ಎಲ್ಲಕ್ಕೂ ಗೆಜೆಟೆಡ್ ಅಧಿಕಾರಿಯ ಸಹಿ, ನೇರಳೆ ಬಣ್ಣದ ದುಂಡು ಶಿಕ್ಕಾ.

"ಮಾಮಾ, ಇದನ್ನೆಲ್ಲಾ ಜರ್ಮನಿಯೊಳಗ ಯಾರ್ ಕೇಳ್ತಾರ?" ಎಂದು ವಿನೋದ್ ಬಿದ್ದು ಬಿದ್ದು ನಕ್ಕ.

ಶಿಕ್ಕಾ ಇಲ್ಲದ ಕಾಗದವನ್ನು ನಾನು ನನ್ನ ಸರ್ವಿಸಿನಲ್ಲಿ ಮುಟ್ಟಿದವನಲ್ಲ. ಎಲ್ಲವನ್ನೂ ಕಟ್ಟಿಕೊಂಡೆ.

ದಾರಿ

ಕಾರು ವಿನೋದನ ಗೆಳೆಯ ಪ್ರಸಾದನದು. ಅವನು ಮೈಸೂರಿನವನು, ಅದೇ ಆಫೀಸಿನಲ್ಲಿ ಕೆಲಸ. ಜರ್ಮನ್ ಭಾಷೆಯನ್ನು ಕಲಿತದ್ದು ಹೊಟ್ಟೆಪಾಡಿಗಾಗಿ ಎಂದು ಅವನೇ ಹೇಳುತ್ತಾನೆ. ಶುದ್ಧ ಸಸ್ಯಾಹಾರಿ. ಇದರಲ್ಲಿ ಮಾಂಸವಿದೆಯೇ, ಮೀನಿದೆಯೇ, ಕೊಬ್ಬಿದೆಯೇ ಎಂದು ಪ್ರತಿ ಅಂಗಡಿಯಲ್ಲೂ ಕೇಳಿ ಕೇಳಿ ನಾಲಿಗೆ ಪಳಗಿದೆ.

"ಅಂಕಲ್, ಇಲ್ಲಿ ಸ್ಪೀಡ್ ಲಿಮಿಟ್ ಇಲ್ಲ, ಗೊತ್ತಾ?" ಎಂದ, ಆಟೋಬಾನ್ ಹೆದ್ದಾರಿ ಹತ್ತುತ್ತಲೇ.

"ನಿನಗ ಲಿಮಿಟ್ ಇರಲೆಪ್ಪಾ," ಎಂದೆ. ನನ್ನ ಎರಡೂ ಕೈ ಸೀಟನ್ನು ಹಿಡಿದಿದ್ದವು.

"ಮಗಾ, ನಿಮ್ ಮಾಮ ಸೂಪರ್," ಎಂದು ಅವನು ವಿನೋದನಿಗೆ ಹೇಳಿದ. ಆದರೆ ವೇಗ ಇಳಿಸಲಿಲ್ಲ. ಉತ್ತರಕ್ಕೆ ಹೋದಂತೆ ಗುಡ್ಡಗಳು ತಗ್ಗಾಗಿ ಹೊಲಗಳು ಅಗಲವಾದವು. ಬಾಯಿಗೆ ಬಂದ ಪ್ರಾರ್ಥನೆಯನ್ನೆಲ್ಲ ನಾನು ದಾರಿಯಲ್ಲೇ ಮುಗಿಸಿದೆ.

ಓಲ್ಡನ್‌ಬ್ರೂಕ್ ಸಣ್ಣ ಊರು. ಒಂದು ಚರ್ಚು, ಒಂದು ಬೇಕರಿ, ಒಂದು ಸಿಗ್ನಲ್ಲು. ನಾವು ಇಳಿದಾಗ ಆ ಸಿಗ್ನಲ್ಲಿನ ಮುಂದೆ ಒಬ್ಬ ಮುದುಕ ನಿಂತಿದ್ದ. ಕಣ್ಣು ಹಾಯುವವರೆಗೆ ಒಂದು ಗಾಡಿಯಿಲ್ಲ. ಕೆಂಪು ದೀಪ ಹಸಿರಾಗುವವರೆಗೆ ಅವನು ಕೋಲೂರಿ ನಿಂತೇ ಇದ್ದ. ನಾವು ಮೂವರೂ ಅವನ ಹಿಂದೆ ಸಾಲಾಗಿ ನಿಂತೆವು. ಗದಗಿನ ಟಾಂಗಾಕೂಟದಲ್ಲಿ ಹೀಗೆ ನಿಂತವನಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಇಷ್ಟು ನಿಯಮದ ಊರಿನಲ್ಲಿ ದಾಖಲೆ ತಪ್ಪಿರಲು ಸಾಧ್ಯವೇ ಎಂಬ ಹೆದರಿಕೆ ನನಗೆ ಅಲ್ಲೇ ಶುರುವಾಯಿತು.

ಓಲ್ಡನ್‌ಬ್ರೂಕ್, ಮೊದಲ ದಿನ

ವಿನೋದ್ ನಮ್ಮನ್ನು ನೇರ ಊರಿನ ರಾತ್‌ಹೌಸಿಗೆ, ಅಂದರೆ ಪುರಸಭೆಯ ಕಚೇರಿಗೆ, ಕರೆದೊಯ್ದ. ಜರ್ಮನಿಯಲ್ಲಿ ಅವನ ಬಾಳೆಲ್ಲ ನಡೆದದ್ದು ರಾತ್‌ಹೌಸಿನಲ್ಲೇ: ಮನೆ ಹಿಡಿದರೆ ಅಲ್ಲಿ ಆನ್‌ಮೆಲ್ಡುಂಗ್ ಎಂಬ ನೋಂದಣಿ, ಮನೆ ಬಿಟ್ಟರೆ ಅಲ್ಲೇ ಇನ್ನೊಂದು ಕಾಗದ. ಹುಟ್ಟು ಸಾವಿನ ಲೆಕ್ಕ ಬೇರೆಲ್ಲಿ ಇರುತ್ತದೆ ಎಂಬ ವಿಶ್ವಾಸ ಅವನದು. ಕಿಟಕಿಯ ಹೆಂಗಸು ನಮ್ಮ ಮುತ್ತಜ್ಜನ ವಯಸ್ಸು ಲೆಕ್ಕ ಹಾಕಿ ನಕ್ಕಳು. ಅವನು ಹುಟ್ಟಿದ ಕಾಲಕ್ಕೆ ಸರ್ಕಾರಿ ದಫ್ತರವೇ ಇರಲಿಲ್ಲ, ಹುಟ್ಟಿದರೂ ಸತ್ತರೂ ಬರೆಯುತ್ತಿದ್ದವರು ಪಾದ್ರಿಗಳು, ಚರ್ಚಿಗೆ ಹೋಗಿ ಎಂದಳು. ನಾನು ಇದನ್ನು ಮೊದಲೇ ಹೇಳಿದ್ದೆ. ನನ್ನ ಮಾತು ಯಾರು ಕೇಳುತ್ತಾರೆ?

ಚರ್ಚಿನ ಆಫೀಸಿನಲ್ಲಿ ಫ್ರೌ ಲೀಬರ್ ಎಂಬ ಕಾರ್ಯದರ್ಶಿ. ಐವತ್ತರ ಹೆಂಗಸು, ಸಣ್ಣ ಕೂದಲು, ಸರಪಳಿಗೆ ಕಟ್ಟಿದ ಕನ್ನಡಕ. ಪೂರ್ವ ಜರ್ಮನಿಯ ಕಡೆಯಿಂದ ಬಂದು ಈ ಊರಲ್ಲಿ ಮೂರು ವರ್ಷವಾಯಿತಂತೆ. ಎದಕ್ಕೂ ಇರಲಿ ಎಂದು ಪ್ರಸಾದ ಎರಡು ವಾರ ಮೊದಲೇ ಅಲ್ಲಿಯೂ ಟೆರ್ಮಿನ್ ತೆಗೆದುಕೊಂಡಿದ್ದ. ಟೆರ್ಮಿನ್ ಎಂದರೆ ಭೇಟಿಯ ಸಮಯ. ಅದಿಲ್ಲದೆ ಅಲ್ಲಿ ದೇವರೂ ಒಳಗೆ ಬರುವಂತಿಲ್ಲ. ನಾನು ಕಡತ ಬಿಚ್ಚಿ ಒಂದೊಂದೇ ನಕಲನ್ನು ಮುಂದಿಟ್ಟೆ. ಫ್ರೌ ಲೀಬರ್ ಕನ್ನಡಕ ಏರಿಸಿ ನೇರಳೆ ಶಿಕ್ಕಾವನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖದಲ್ಲಿ ಗೌರವ ಮೂಡಿತು. ನಾನು ವಿನೋದನ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಆದರೆ ಆ ಸಂತೋಷ ಹತ್ತು ನಿಮಿಷ. ಆಫೀಸಿನಲ್ಲಿ ಒಂದು ಮರದ ಪೆಟ್ಟಿಗೆಯ ತುಂಬ ಕಾರ್ಡುಗಳಿದ್ದವು. ಹಿಂದಿನ ಒಬ್ಬ ಪಾದ್ರಿ ಹಳೆಯ ದಫ್ತರಗಳಿಗೆಲ್ಲ ಮಾಡಿಟ್ಟ ಅಕಾರಾದಿ ಸೂಚಿ ಅದು. ಫ್ರೌ ಲೀಬರ್ ಬ್ರಾಂಟ್ ಎಂಬುದನ್ನು ಹುಡುಕಿದರು. ಎರಡು ಸಲ ಹುಡುಕಿದರು. ತಲೆಯಾಡಿಸಿ ಏನೋ ಹೇಳಿದರು.

ಪ್ರಸಾದನ ಮುಖ ಸಪ್ಪಗಾಯಿತು. "ಅಂಕಲ್, ಈ ಊರಲ್ಲಿ ಆ ಹೆಸರಿನ ಫ್ಯಾಮಿಲಿನೇ ಇರ್ಲಿಲ್ವಂತೆ."

ದೊಡ್ಡವ್ವನ ಟ್ರಂಕಿನ ಕಾಗದದಲ್ಲಿದ್ದದ್ದು ಇದೇ ಮಾತು. ಅಷ್ಟು ದೂರದಿಂದ ಬಂದು ಅದನ್ನೇ ಇನ್ನೊಮ್ಮೆ ಕೇಳಿಸಿಕೊಂಡೆ. ಹನ್ನೆರಡಕ್ಕೆ ಸರಿಯಾಗಿ ಫ್ರೌ ಲೀಬರ್ ಜಾಕೆಟ್ ಹಾಕಿಕೊಂಡು ಬೀಗ ಹಾಕಿದರು. ನಾನು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೂ ಮುತ್ತಜ್ಜನ ಮೇಲೆ ಸಂಶಯ ಬಂತು. ಓಡಿ ಬಂದವನೇ ಇರಬೇಕು, ಇದನ್ನು ದೊಡ್ಡವ್ವನ ಮುಂದೆ ಹೇಗೆ ಹೇಳುವುದು?

"ಮಾಮಾ, ಸುಳ್ಳ ಹೇಳಿದ್ರಾತು. ಸಿಕ್ತು ಅಂತ ಹೇಳೂಣು," ಎಂದ ವಿನೋದ್. ಅವನದು ಮೃದು ಮನಸ್ಸು.

"ಅಕಿ ಮುಂದ ಸುಳ್ಳ ಹೇಳಿ ದಕ್ಕಿಸ್ಕೊಂಡಾಂವ ಇನ್ನೂ ಹುಟ್ಟಿಲ್ಲ," ಎಂದೆ.

ಎರಡನೆಯ ದಿನ

ರಾತ್ರಿ ಪಕ್ಕದ ಊರಿನ ವಸತಿಗೃಹದಲ್ಲಿ ಮಲಗಿದರೂ ತಲೆಯಲ್ಲಿ ಆ ಮರದ ಪೆಟ್ಟಿಗೆಯೇ. ನಮ್ಮ ಕಚೇರಿಯಲ್ಲಿ ಹೊಸ ಗುಮಾಸ್ತರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಒಂದೇ: ಸೂಚಿಯನ್ನು ನಂಬಬೇಡ, ಪುಸ್ತಕ ತೆಗೆ. ಪುಸ್ತಕ ಬರೆದವನು ಒಬ್ಬ, ಸೂಚಿ ಮಾಡಿದವನು ಇನ್ನೊಬ್ಬ. ಎರಡನೆಯವನಿಗೆ ಊಟಕ್ಕೆ ಹೋಗುವ ಅವಸರವಿರುತ್ತದೆ. ಆ ಮಾತನ್ನು ನಾನೇ ಮರೆತು ಬೆಂಚಿನ ಮೇಲೆ ಅಳುಮೋರೆ ಹಾಕಿ ಕೂತಿದ್ದೆನಲ್ಲ!

ಬೆಳಿಗ್ಗೆ ಹತ್ತಕ್ಕೆ, ಟೆರ್ಮಿನ್ ಇಲ್ಲದಿದ್ದರೂ, ಮತ್ತೆ ಹಾಜರು. ಪುಸ್ತಕವನ್ನೇ ತೋರಿಸಿ ಎಂದೆ. ಫ್ರೌ ಲೀಬರ್ ಒಳಗಿನಿಂದ ತೊಗಲಿನ ರಟ್ಟಿನ ದಪ್ಪ ಸಂಪುಟ ತಂದರು. ತೆರೆದು ನೋಡಿದರೆ ಗರಗಸದ ಹಲ್ಲಿನಂಥ ಅಕ್ಷರ, ಒಂದಕ್ಕೊಂದು ಅಂಟಿಕೊಂಡು ಓಡುತ್ತಿದ್ದವು. ಪ್ರಸಾದ ಕೈಚೆಲ್ಲಿದ. "ಗುರು, ಇದು ಜರ್ಮನ್ನೇ ಅಲ್ಲ," ಎಂದು ವಿನೋದನಿಗೆ ಹೇಳಿದ. ಹಳೆಯ ಕೈಬರಹವಂತೆ, ಈಗಿನ ಜರ್ಮನರಿಗೂ ಓದಲು ಬರುವುದಿಲ್ಲವಂತೆ. ಫ್ರೌ ಲೀಬರ್ ಮಾತ್ರ ತಮ್ಮ ಅಜ್ಜಿಯ ಪತ್ರಗಳನ್ನು ಓದಿ ಕಲಿತಿದ್ದರು.

ನನಗೆ ಒಳಗೊಳಗೇ ನಗು. ಮುಂಬೈ ಸರ್ಕಾರದ ಕಾಲದ ನಮ್ಮ ಹಳೆಯ ದಫ್ತರಗಳೆಲ್ಲ ಮರಾಠಿಯ ಮೋಡಿ ಅಕ್ಷರದಲ್ಲಿವೆ. ಅದೂ ಹೀಗೆಯೇ, ಲೇಖನಿ ಎತ್ತದೆ ಎಳೆದದ್ದು. ನನಗೆ ಮೋಡಿ ಓದಲು ಬರುತ್ತಿರಲಿಲ್ಲ, ಆದರೂ ಹೆಸರು ಹುಡುಕುತ್ತಿದ್ದೆ. ಬಲ್ಲವರಿಂದ ಆ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು, ಚೀಟಿಯನ್ನು ಹಾಳೆಯ ಮೇಲೆ ಸರಿಸುತ್ತ ಆಕಾರ ಹೊಂದಿಸುವುದು. ಫ್ರೌ ಲೀಬರ್ ಕೈಯಿಂದ ಬ್ರಾಂಟ್ ಎಂದು ಹಳೆಯ ಅಕ್ಷರದಲ್ಲಿ ಬರೆಸಿಕೊಂಡೆ. ದೀಕ್ಷಾಸ್ನಾನದ ಪುಸ್ತಕ ಬೇಡ, ಮದುವೆಯ ಪುಸ್ತಕ ಕೊಡಿ ಎಂದೆ. ಊರಲ್ಲಿ ಮನೆತನವೇ ಇಲ್ಲದಿದ್ದರೆ ಅವನ ಅಪ್ಪ ಹೊರಗಿನಿಂದ ಬಂದವನಿರಬೇಕು. ಹೊರಗಿನವನ ಹೆಸರು ಊರಿನ ದಫ್ತರಕ್ಕೆ ಬರುವುದು ಮದುವೆಯ ದಿನವೇ.

ಮುತ್ತಜ್ಜ ಹುಟ್ಟಿರಬಹುದಾದ ವರ್ಷದಿಂದ ಹಿಂದಕ್ಕೆ ಹೊರಟೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಒಂದೊಂದು ಸಾಲು. ಹುಡುಗರಿಬ್ಬರೂ ಆಕಳಿಸಿ ಆಕಳಿಸಿ ಸುಸ್ತಾದರು. ಹನ್ನೊಂದೂವರೆಗೆ ಚೀಟಿ ನಿಂತಿತು. ಆಕಾರ ಪಡಿಯಚ್ಚು. ಆದರೆ ಅದರ ಮುಂದೆ ಒಂದು ಪುಟ್ಟ ಗುರುತು, ಆಮೇಲೆ ಇನ್ನೊಂದು ಉದ್ದ ಹೆಸರು.

ಫ್ರೌ ಲೀಬರ್ ಬಗ್ಗಿ ಓದಿದರು: "ಯೋಹಾನ್ ಬ್ರಾಂಟ್, ಗೆನಾಂಟ್ ನೀಡರ್ಮಾಯರ್."

"ಗೆನಾಂಟ್ ಅಂದ್ರೆ 'ಹಾಗಂತ ಕರೀತಾರೆ' ಅಂತ ಅಂಕಲ್," ಎಂದ ಪ್ರಸಾದ. "ನಿಕ್‌ನೇಮ್ ಇರ್ಬೇಕು."

"ಹುಡುಗಿಯ ಅಪ್ಪನ ಹೆಸರ ಏನೈತಿ, ಕೇಳು."

ಕೇಳಿದ. ನೀಡರ್ಮಾಯರ್.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ನಿಕ್‌ನೇಮ್ ಅಲ್ಲೋ ಮಾರಾಯಾ, ಅದು ಉರ್ಫ್! ಅಂವ ಮನಿ ಅಳಿಯ!"

ನಮ್ಮ ಕಡೆಯ ದಫ್ತರದಲ್ಲಿ ಇಂಥವರು ನೂರಾರು. ಅಂಗಡಿಯವರ ಬಸಪ್ಪ ಹೊಸಮನಿಯವರ ಒಬ್ಬಳೇ ಮಗಳನ್ನು ಮದುವೆಯಾಗಿ ಮಾವನ ಮನೆಯಲ್ಲೇ ನಿಂತರೆ, ವರ್ಷ ತುಂಬುವುದರೊಳಗೆ ಊರಿನ ಬಾಯಲ್ಲಿ ಅವನು ಹೊಸಮನಿ ಬಸಪ್ಪ. ಕಾಗದದಲ್ಲಿ ಬಸಪ್ಪ ಅಂಗಡಿ ಉರ್ಫ್ ಹೊಸಮನಿ. ಅವನ ಹೊಲದ ಪಹಣಿ ಉತಾರ ಹುಡುಕಲು ಅಂಗಡಿ ಎಂದು ಹೋದವನಿಗೆ ಜನ್ಮದಲ್ಲಿ ಸಿಗುವುದಿಲ್ಲ. ಇಲ್ಲಿಯೂ ಅಳಿಯ ಬಂದು ಹೆಂಡತಿಯ ಮನೆಯ ಹೆಸರು ಹೊತ್ತಿದ್ದಾನೆ. ಸೂಚಿ ಮಾಡಿದ ಪಾದ್ರಿ ಉರ್ಫಿನ ಮುಂದಿನದನ್ನು ಬರೆದುಕೊಂಡು ಹಿಂದಿನದನ್ನು ಬಿಟ್ಟಿದ್ದಾರೆ.

ಪ್ರಸಾದ ಇದನ್ನೆಲ್ಲ ಜರ್ಮನ್‌ನಲ್ಲಿ ಹೇಗೆ ಹೇಳಿದನೋ, ಫ್ರೌ ಲೀಬರ್ ಬಾಯಿಗೆ ಕೈ ಹಿಡಿದು ಕಾರ್ಡುಗಳ ಪೆಟ್ಟಿಗೆಗೆ ಓಡಿದರು. ನೀಡರ್ಮಾಯರ್ ಎಂಬ ಕಾರ್ಡು ಅಲ್ಲೇ ಇತ್ತು. ಅದು ತೋರಿಸಿದ ಪುಸ್ತಕದ ಹಾಳೆಯಲ್ಲಿ ಮೂರನೆಯ ಮಗ ಹೈನ್ರಿಕ್. ಸಮಾಧಿಯ ಕಲ್ಲಿನ ವಯಸ್ಸಿಗೆ ವರ್ಷ ತಾಳೆಯಾಯಿತು. ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು. ಫ್ರೌ ಲೀಬರ್ ನಿಧಾನ ಓದಿದರು, ಪ್ರಸಾದ ಕನ್ನಡದಲ್ಲಿ ಹೇಳಿದ: "ಬಡಗಿ. ಮಿಶನ್ ಜೊತೆ ಇಂಡಿಯಾಕ್ಕೆ ಹೋದ. ಸುದ್ದಿ ಇಲ್ಲ."

ನಾನು ಅತ್ತೆ. ಮೂರು ಮಂದಿಯ ಮುಂದೆ ಕರವಸ್ತ್ರ ತೆಗೆದು ಚೆನ್ನಾಗಿ ಅತ್ತೆ. ಅವನು ಸುಳ್ಳು ಹೇಳಿರಲಿಲ್ಲ. ಅಷ್ಟರಲ್ಲಿ ನೆತ್ತಿಯ ಮೇಲೆ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಫ್ರೌ ಲೀಬರ್ ಅಭ್ಯಾಸದಂತೆ ಜಾಕೆಟ್ ಹಾಕಿಕೊಂಡರು, ನನ್ನನ್ನು ನೋಡಿದರು, ಜಾಕೆಟ್ ತೆಗೆದು ಮತ್ತೆ ಗೂಟಕ್ಕೆ ಹಾಕಿ ನಮಗೆಲ್ಲ ಕಾಫಿ ಮಾಡಲು ಹೋದರು. ಹನ್ನೆರಡರ ಮೇಲೆ ಆ ಆಫೀಸು ತೆರೆದಿದ್ದದ್ದು ಅವರ ಮೂರು ವರ್ಷದಲ್ಲಿ ಮೊದಲ ಸಲವಂತೆ.

ಕಾಫಿ ತಂದವರು ಇನ್ನೊಂದು ಮಾತು ಹೇಳಿದರು. ನೀಡರ್ಮಾಯರ್ ಎಂಬುದು ತೋಟದ ಹೆಸರೂ ಹೌದು, ಆ ತೋಟ ಈಗಲೂ ಇದೆ. ಕ್ರಿಸ್ಮಸ್ಸಿಗೆ ಚರ್ಚಿನ ಮರ ಬರುವುದು ಅಲ್ಲಿಂದಲೇ. ಅಷ್ಟು ಹೇಳಿ ಅವರೇ ಫೋನ್ ಎತ್ತಿದರು.

ನೀಡರ್ಮಾಯರ್ ತೋಟ

ತೋಟದ ಮನೆ ಎಂದರೆ ಮನೆ, ಕೊಟ್ಟಿಗೆ, ಹುಲ್ಲಿನ ಅಟ್ಟ ಎಲ್ಲ ಒಂದೇ ಮಾಡಿನ ಕೆಳಗೆ. ಮುಂದೆ ಬಂಡಿ ನುಗ್ಗುವಷ್ಟು ದೊಡ್ಡ ಬಾಗಿಲು. ಎಪ್ಪತ್ತು ದಾಟಿದ ವಿಲ್ಹೆಲ್ಮ್ ನೀಡರ್ಮಾಯರ್ ರಬ್ಬರ್ ಬೂಟಿನಲ್ಲಿ ಹೊರಗೆ ಬಂದ. ಎತ್ತರದ ಆಳು, ಕಿವಿಗಳು ಮೊರದಷ್ಟು. ಆ ಕಿವಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ನನ್ನ ತಾಯಿಯ ಕಿವಿ, ದೊಡ್ಡವ್ವನ ಕಿವಿ, ಕನ್ನಡಿಯಲ್ಲಿ ನಾನು ದಿನಾ ಬೈದುಕೊಳ್ಳುವ ಕಿವಿ.

ಅವನು ನಗಲಿಲ್ಲ. ನನ್ನ ಕಪ್ಪು ಮುಖವನ್ನೂ ಕಡತವನ್ನೂ ಬಹಳ ಹೊತ್ತು ನೋಡಿದ. ಸಮಾಧಿಯ ಫೋಟೋ ಕೈಗೆ ತೆಗೆದುಕೊಂಡ. ನಂತರ ನನ್ನ ತೋಳು ಹಿಡಿದು ದೊಡ್ಡ ಬಾಗಿಲಿನ ಮುಂದೆ ನಿಲ್ಲಿಸಿ ಮೇಲೆ ಬೆರಳು ತೋರಿಸಿದ. ಬಾಗಿಲ ತೊಲೆಯ ಮೇಲೆ ಅಕ್ಷರ ಕೊರೆದಿತ್ತು. ಆ ಸೀಮೆಯಲ್ಲಿ ಮನೆ ಕಟ್ಟಿಸಿದ ಗಂಡ ಹೆಂಡಿರ ಹೆಸರನ್ನು ಹೀಗೆ ಕೊರೆಸುವ ಪದ್ಧತಿಯಂತೆ. ಯೋಹಾನ್ ಬ್ರಾಂಟ್ ಗೆನಾಂಟ್ ನೀಡರ್ಮಾಯರ್, ಮತ್ತು ಅನ್ನಾ ಕತರೀನಾ ನೀಡರ್ಮಾಯರ್. ನನ್ನ ಮುತ್ತಜ್ಜನ ಅಪ್ಪ ಅವ್ವ.

ವಿಲ್ಹೆಲ್ಮ್ ಆ ಮನೆಯ ಹಿರಿಯ ಮಗನ ವಂಶದವನು. ಒಳಗೆ ಕಾಫಿಗೆ ಕೂರಿಸಿ ಅವನು ಹೇಳಿದ ಮೇಲೆ ಉಳಿದ ಗಂಟೂ ಬಿಚ್ಚಿತು. ಅವರಲ್ಲಿ ಹೊಲ ಹರಿದು ಹಂಚುವಂತಿಲ್ಲ, ಇಡೀ ತೋಟ ಒಬ್ಬ ಮಗನಿಗೆ. ಉಳಿದವರು ಒಂದು ಕಸುಬು ಕಲಿತು ಹೊರಡಬೇಕು. ಹೊರಟವನಿಗೆ ತೋಟದ ಹೆಸರಿನ ಮೇಲೂ ಹಕ್ಕಿಲ್ಲ. ಹೈನ್ರಿಕ್ ಅಣ್ಣನ ಜೊತೆ ಮಾತು ಮುರಿದುಕೊಂಡು ಹೋದನಂತೆ, ಹೋಗುವಾಗ ತೋಟದ ಹೆಸರನ್ನು ಇಲ್ಲೇ ಬಿಟ್ಟು ಅಪ್ಪನ ಹುಟ್ಟು ಹೆಸರು ತೆಗೆದುಕೊಂಡು ಹೋಗಿದ್ದಾನೆ. ನಮ್ಮಲ್ಲಿ ಒಂದೆಕರೆಯನ್ನು ಐದು ಪಾಲು ಮಾಡಿ ಐವರೂ ಕೋರ್ಟಿಗೆ ಹೋಗುತ್ತಾರೆ. ಯಾವುದು ಮೇಲು ಎಂದು ನನಗೆ ಇನ್ನೂ ತೀರ್ಮಾನವಾಗಿಲ್ಲ. ಯಾಕೆ ಅವನು ಮನೆಗೆ ಒಂದು ಕಾಗದವನ್ನೂ ಬರೆಯಲಿಲ್ಲ ಎಂಬುದೂ ತಿಳಿಯಲಿಲ್ಲ.

ವಿಲ್ಹೆಲ್ಮನ ಹೆಂಡತಿ ಮೂರು ಬಗೆಯ ಕೇಕು ಇಟ್ಟಳು. ಪ್ರಸಾದ ಮೊಟ್ಟೆಯ ವಿಚಾರ ಕೇಳಲೇ ಇಲ್ಲ. "ಕೇಕ್ ಲೆಕ್ಕಕ್ಕಿಲ್ಲ ಅಂಕಲ್," ಎಂದು ಎರಡನೆಯ ತುಂಡಿಗೆ ಕೈ ಹಾಕಿದ.

ಆಗ ವಿಲ್ಹೆಲ್ಮ್ ಒಂದು ಪ್ರಶ್ನೆ ಕೇಳಿದ. ಹೈನ್ರಿಕ್ ಏನಾದ? ಅವರ ಮನೆಯಲ್ಲಿ ಅವನು ಸಮುದ್ರದಲ್ಲಿ ಮುಳುಗಿದನೆಂದೇ ಮಾತು. ತಾಯಿ ಸಾಯುವವರೆಗೂ ಅವನ ದಾರಿ ನೋಡಿದಳಂತೆ. ನಾವು ಅವನು ಎಲ್ಲಿಂದ ಬಂದ ಎಂದು ಹುಡುಕುತ್ತಿದ್ದರೆ, ಇವರು ಅವನು ಎಲ್ಲಿಗೆ ಹೋದ ಎಂದು ಕಾಯುತ್ತಿದ್ದರು. ನಾನು ಹೇಳಿದೆ, ಪ್ರಸಾದ ತಿರುಗಿಸಿದ. ಬೆಟಗೇರಿಯ ಮಗ್ಗ, ರೂತವ್ವ, ಮಗಳು ಎಸ್ತೇರವ್ವ, ಅವಳ ಇಬ್ಬರು ಹೆಣ್ಣುಮಕ್ಕಳು. ಮುಳುಗಿದವನು ಇಷ್ಟೆಲ್ಲ ಬಾಳಿದ್ದ ಎಂದು ಕೇಳಿ ವಿಲ್ಹೆಲ್ಮ್ ಮೂಗು ಒರೆಸಿಕೊಂಡ.

ವಿನೋದ್ ತನ್ನ ಮೊಬೈಲಿನಿಂದ ಗದಗಿಗೆ ಫೋನ್ ಹಚ್ಚಿದ. ಹೆಂಡತಿ ಎತ್ತಿ ದೊಡ್ಡವ್ವನಿಗೆ ಕೊಟ್ಟಳು.

"ದೊಡ್ಡವ್ವಾ, ಸಿಕ್ತು," ಎಂದೆ.

"ಏನ್ ಸಿಕ್ತು? ಸರಿಯಾಗಿ ಹೇಳು."

"ನಿಮ್ಮಜ್ಜ. ಅವನ ಮನಿಯೊಳಗ ಕುಂತೇನಿ. ಬ್ರಾಂಟ್ ಅಂದ್ರ ಅವರಪ್ಪನ ಹುಟ್ಟ ಹೆಸರ. ಅವರಪ್ಪ ಇಲ್ಲಿಗೆ ಮನಿ ಅಳಿಯ ಬಂದಿದ್ದ, ಪುಸ್ತಕದಾಗ ಹೆಂಡತಿ ಮನಿ ಹೆಸರ ಬಿದ್ದೈತಿ. ಅಂವ ಏನೂ ಸುಳ್ಳ ಹೇಳಿಲ್ಲ ದೊಡ್ಡವ್ವಾ."

ಆ ಕಡೆ ಅವಳು ಅದನ್ನೇ ನನ್ನ ಹೆಂಡತಿಗೆ ಗಟ್ಟಿಯಾಗಿ ಹೇಳುವುದು ಕೇಳಿಸಿತು.

"ನಂಗ ಗೊತ್ತಿತ್ತು," ಎಂದಳು ಆಮೇಲೆ ನನಗೆ. ದನಿ ಒಡೆದಿತ್ತು. "ಅರವತ್ತ ವರ್ಷದ ಮ್ಯಾಲಾತು, ನಾ ಒಬ್ಬಾಕೇ ಹೇಳ್ಕೋತ ಬಂದೇನಿ. ಮನಿಯಾಗ ಯಾರದಾರ? ನಮ್ಮಂದಿ ಅದಾರೇನು? ಕೊಡ ಅವರಿಗೆ ಫೋನು."

ವಿಲ್ಹೆಲ್ಮ್ ಫೋನನ್ನು ದೊಡ್ಡ ಕಿವಿಗೆ ಒತ್ತಿಕೊಂಡ. ದೊಡ್ಡವ್ವ ಗದಗಿನ ಕನ್ನಡದಲ್ಲಿ ಉಂಡಿರೇನು, ದನ ಎಷ್ಟವ, ಮಕ್ಕಳೆಷ್ಟು ಎಂದು ಕೇಳುವುದು ನಮಗೆಲ್ಲ ಕೇಳಿಸುತ್ತಿತ್ತು. ಅವನು ತನ್ನ ಹಳ್ಳಿಯ ಭಾಷೆಯಲ್ಲಿ ಕೂಗಿ ಕೂಗಿ ಉತ್ತರ ಕೊಟ್ಟ. ದೂರದವರೊಡನೆ ಗಟ್ಟಿಯಾಗಿ ಮಾತಾಡಬೇಕೆಂಬ ನಂಬಿಕೆ ಇಬ್ಬರಿಗೂ ಇತ್ತು. ಒಬ್ಬರದೊಬ್ಬರಿಗೆ ಒಂದಕ್ಷರ ತಿಳಿಯದೆ ಐದು ನಿಮಿಷ ಮಾತಾಡಿದರು, ಇಬ್ಬರೂ ನಕ್ಕರು. ಫೋನ್ ನನ್ನ ಕೈಗೆ ಬಂದಾಗ ದೊಡ್ಡವ್ವ ಮೊದಲಿನ ನರ್ಸಮ್ಮ ಆಗಿದ್ದಳು.

"ದಾನೀ, ಇಷ್ಟಕ್ಕ ಬಿಟ್ಟ ಬರಬ್ಯಾಡ. ಅಂವ ಇಲ್ಲಿ ಸತ್ತಾನ, ಇಲ್ಲಿ ಮಣ್ಣಾಗ್ಯಾನ ಅಂತ ಅವರ ಪುಸ್ತಕದಾಗ ಬರಸು. ಇಲ್ಲಂದ್ರ ನಾಳೆ ಮತ್ತ ಯಾವನರೆ ನೋಡಿ ಇಲ್ಲಂತ ಕಾಗದ ಬರೀತಾನ."

ಮೂರನೆಯ ದಿನ

ಹಳೆಯ ಪುಸ್ತಕದಲ್ಲಿ ಒಂದು ಚುಕ್ಕೆಯನ್ನೂ ಸೇರಿಸುವಂತಿಲ್ಲ ಎಂದರು ಫ್ರೌ ಲೀಬರ್. ನಾನು ಹೌದೆಂದು ಜೋರಾಗಿ ತಲೆಯಾಡಿಸಿದೆ. ನನ್ನ ದಫ್ತರದಲ್ಲಿ ಯಾರಾದರೂ ಹಾಗೆ ಕೇಳಿದ್ದರೆ ನಾನು ಮೆಟ್ಟಿಲು ಇಳಿಸಿ ಕಳಿಸುತ್ತಿದ್ದೆ. ಆಮೇಲೆ ಅವರೇ ದಾರಿ ಕಂಡುಹಿಡಿದರು. ಪುಸ್ತಕ ಮುಟ್ಟದೆ, ದಪ್ಪ ಕಾಗದದ ಒಂದು ಪತ್ರವನ್ನು ಮಾಡಿ ಆ ಹಾಳೆಯ ಜೊತೆಗಿಡಬಹುದು ಎಂದು ಪಾದ್ರಿಗಳಿಗೆ ಫೋನ್ ಮಾಡಿ ಒಪ್ಪಿಸಿದರು.

ಅವರು ಟೈಪು ಮಾಡುತ್ತ ಕೂತರು, ನಾನು ನಕಲುಗಳನ್ನು ಒಂದೊಂದಾಗಿ ಮುಂದಿಟ್ಟೆ. ಹೈನ್ರಿಕ್ ಬ್ರಾಂಟ್, ನೀಡರ್ಮಾಯರ್ ತೋಟದ ಯೋಹಾನ್ ಮತ್ತು ಅನ್ನಾ ಕತರೀನಾ ಅವರ ಮಗ. ಬಡಗಿ. ಹೆಂಡತಿ ರೂತವ್ವ. ಮಗಳು ಎಸ್ತೇರವ್ವ. ಮರಣ ಬೆಟಗೇರಿಯಲ್ಲಿ, ಸಮಾಧಿ ಅಲ್ಲಿಯೇ. ಆಧಾರ ಎಂಬಲ್ಲಿ ಗದಗಿನ ಗೆಜೆಟೆಡ್ ಅಧಿಕಾರಿಯ ಶಿಕ್ಕಾ ಇರುವ ಮೂರು ದೃಢೀಕೃತ ನಕಲುಗಳು ಎಂದು ಬಿತ್ತು. ವಿನೋದ್ ಅದನ್ನು ಓದಿ ತೆಪ್ಪಗೆ ಕಿಟಕಿಯ ಹೊರಗೆ ನೋಡಿದ.

ವಿಲ್ಹೆಲ್ಮನೂ ಬಂದಿದ್ದ. ಭಾನುವಾರದ ಕೋಟು ಹಾಕಿ, ಬೂಟು ಒರೆಸಿಕೊಂಡು, ಬಾಗಿಲ ಬಳಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ.

ಪತ್ರದ ಕೆಳಗೆ ಎರಡು ಗೆರೆಗಳಿದ್ದವು. ಒಂದು ಮಾಹಿತಿ ಕೊಟ್ಟವರ ಸಹಿಗೆ. ಇನ್ನೊಂದನ್ನು ಪ್ರಸಾದ ಓದಿ ಹೇಳಿದ: "ತೀರಿಕೊಂಡವ್ರಿಗೆ ನೀವು ಏನಾಗ್ಬೇಕು ಅಂತ, ಅಂಕಲ್."

ಇಂಥ ಗೆರೆಯನ್ನು ನಾನು ಎಷ್ಟು ಸಾವಿರ ಮಂದಿಗೆ ತೋರಿಸಿದ್ದೇನೋ. ಸಂಬಂಧ ಬರೀರಿ, ಬೇಗ ಬರೀರಿ, ಹಿಂದೆ ಜನ ನಿಂತಾರ ಎಂದು ಗದರಿಸಿದ್ದೇನೆ. ಹೊಲದ ಆಸೆಗೆ ಬರೆದವರನ್ನು ನೋಡಿದ್ದೇನೆ, ಮನೆಯ ಆಸೆಗೆ ಬರೆದವರನ್ನು ನೋಡಿದ್ದೇನೆ. ಏನೂ ಬರಬೇಕಾಗಿಲ್ಲದೆ ಬರೆಯಲು ಕೂತವನು ನಾನೊಬ್ಬನೇ ಇರಬೇಕು. ಯಾವ ಭಾಷೆಯಲ್ಲಿ ಬರೆಯಲಿ ಎಂದು ಕೇಳಿದೆ. ಯಾವುದಾದರೂ ಸರಿ, ಕೆಳಗೆ ನಾನು ಜರ್ಮನ್‌ನಲ್ಲಿ ಬರೆಯುತ್ತೇನೆ ಎಂದರು ಫ್ರೌ ಲೀಬರ್.

ಸಹಿ ಮಾಡಿ, ಎರಡನೆಯ ಗೆರೆಯ ಮೇಲೆ ಕನ್ನಡದಲ್ಲಿ ದುಂಡಗೆ ಬರೆದೆ: ಮರಿಮೊಮ್ಮಗ.

ಫ್ರೌ ಲೀಬರ್ ಅದರ ಮಗ್ಗುಲಿಗೆ ಚರ್ಚಿನ ಶಿಕ್ಕಾ ಒತ್ತಿದರು. ಮಸಿ ಆರಲೆಂದು ಊದಿದರು. ಪತ್ರವನ್ನು ಹೈನ್ರಿಕನ ಹಾಳೆಯಲ್ಲಿಟ್ಟು ಪುಸ್ತಕ ಮುಚ್ಚಿದರು.